ಸಂತ ಜೆರೋಮನೂ ಬೈಬಲ್ಲಿನ ಹೆಸರುಗಳೂ

ಬೈಬಲ್ಲಿನ ಹೆಸರುಗಳ ಜಾಡು ಹಿಡಿದು ಹೊರಟ ನನಗೆ ಸಂತ ಜೆರೋಮನ ಬಾಳು ವಿಸ್ಮಯ ತಂದಿತು. ರೋಮಿನಲ್ಲಿ ಓದಿದ ಈತನು ಸಿರಿಯದ ಮರುಭೂಮಿಯಲ್ಲಿ ತಪಸ್ವಿಯಾಗಿ, ಬಲು ಕಷ್ಟದಿಂದ ಹೀಬ್ರೂ ಕಲಿತನು. 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿ, ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲದಿಂದಲೇ ಲ್ಯಾಟಿನ್ನಿಗೆ ತಂದನು. ಗ್ರೀಕ್ ಅನುವಾದವನ್ನೇ ಪವಿತ್ರವೆಂದು ನಂಬಿದ್ದವರು ಕೆರಳಿದರು, ಆತನು ಜಗ್ಗಲಿಲ್ಲ. ಹೆಸರುಗಳಲ್ಲಿ ಮಾತ್ರ ರೂಢಿಗೆ ಮಣಿದನು. ಗ್ರೀಕಿನಲ್ಲಿ ಶಕಾರವಿಲ್ಲವಾದುದರಿಂದ ಹೀಬ್ರೂವಿನ ಯೆಶಾಯಾಹು ಅಲ್ಲಿ ಎಸಾಯಿಯಾಸ್ ಆಗಿದ್ದನು. ಹೀಬ್ರೂ ಹೆಸರುಗಳಿಗೆ ಅರ್ಥಕೋಶವನ್ನೇ ರಚಿಸಿದ್ದ ಜೆರೋಮನೂ ಇಸಾಯಿಯಾಸ್ ಎಂದೇ ಬರೆದನು. 420ರಲ್ಲಿ ಆತನು ತೀರಿಕೊಂಡ ಮೇಲೂ ಆ ರೂಪಗಳು ಬಹುಕಾಲ ಬಾಳಿದವು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಆ ಪ್ರವಾದಿಗೆ ಎರಡು ಹೆಸರು: ಹಳೆಯ ಒಡಂಬಡಿಕೆಯಲ್ಲಿ ಐಸಾಯ, ಹೊಸದರಲ್ಲಿ ಎಸಾಯಸ್. 1881ರ ಪರಿಷ್ಕರಣವು ಎರಡನ್ನೂ ಒಂದಾಗಿಸಿತು. ಗ್ರಂಥವನ್ನೇ ತಿದ್ದಿದ ಪಂಡಿತನು ಜನರ ನಾಲಗೆಯ ಮೇಲಿದ್ದ ಹೆಸರುಗಳನ್ನು ಗೌರವಿಸಿದನೆಂಬುದು ನನಗೆ ಹಿರಿದೆನಿಸುತ್ತದೆ.