ಮೋಜಣಿಯ ಗೂಟವೂ ನೇಗಿಲಿನ ಸಾಲೂ

ಪರರ ನಾಡನ್ನು ಕೈವಶಮಾಡಿಕೊಳ್ಳುವುದಕ್ಕೆ ತೋಪು ಬಂದೂಕುಗಳೇ ಮುಖ್ಯ ಸಾಧನಗಳೆಂದು ಸಾಮಾನ್ಯರ ಭಾವನೆ. ಅವುಗಳಿಗಿಂತ ಸದ್ದಿಲ್ಲದೆ ಕೆಲಸಮಾಡುವ ಸಾಧನಗಳೂ ಉಂಟು. ಅಳತೆಯ ಸರಪಳಿ, ನೆಲದಲ್ಲಿ ಬಡಿಯುವ ಮರದ ಗೂಟ, ಕಚೇರಿಯಲ್ಲಿ ಬರೆಯುವ ನಕಾಶೆ ಇಂಥವು. ಮೋಜಣಿಯೆಂಬುದು ನಮ್ಮ ರೈತನಿಗೂ ಶಾನುಭೋಗನಿಗೂ ಹೊಸದಲ್ಲ. ಆದರೆ ನಮ್ಮಲ್ಲಿ ಅದು ಉಳುವವನ ಮೇಲೆ ಕಂದಾಯವನ್ನು ಗೊತ್ತುಮಾಡುವುದಕ್ಕಾಗಿ ನಡೆಯಿತು. ನ್ಯೂಜೀಲೆಂಡಿನಲ್ಲಿಯಾದರೋ ಉಳುವವನನ್ನೇ ಬಿಡಿಸಿ ಅವನ ನೆಲವನ್ನು ಮತ್ತೊಬ್ಬನಿಗೆ ಮಾರುವುದಕ್ಕಾಗಿ ನಡೆಯಿತು. ಆ ಸರಪಳಿಗೆ ಆಯುಧವಿಲ್ಲದೆ ಅಡ್ಡನಿಂತ ಮಹನೀಯರು ಮಾವೋರಿ ಜನಾಂಗದ ತೆ ವಿಟಿ.

ಇವರು ಸುಮಾರು 1830ರಲ್ಲಿ ಆ ದೇಶದ ಉತ್ತರ ದ್ವೀಪದ ಟರನಾಕಿ ಸೀಮೆಯಲ್ಲಿ ಹುಟ್ಟಿದರು. ತಮ್ಮ ಕುಲದ ಹಿರಿಯರಿಂದ ಪರಂಪರೆಯ ವಿದ್ಯೆಯನ್ನೂ, ವಾರಿಯಾ ಎಂಬಲ್ಲಿದ್ದ ರೀಮೆನ್‌ಷ್ನೈಡರ್ ಎಂಬ ಜರ್ಮನ್ ಪಾದ್ರಿಯಿಂದ ಬೈಬಲಿನ ಪಾಠವನ್ನೂ ಕಲಿತರು. ಇವರ ಬಾಲ್ಯದಲ್ಲಿಯೇ, 1840ರಲ್ಲಿ, ಬ್ರಿಟಿಷ್ ರಾಣಿಯ ಪ್ರತಿನಿಧಿಗೂ ಮಾವೋರಿ ನಾಯಕರಿಗೂ ವೈತಂಗಿಯ ಒಪ್ಪಂದವಾಗಿ, ಮಾವೋರಿಗಳು ಒಪ್ಪಿ ಮಾರುವವರೆಗೂ ಅವರ ಭೂಮಿ ಅವರದೇ ಎಂಬ ಭರವಸೆ ಬರಹದಲ್ಲಿ ದೊರೆತಿದ್ದಿತು. ಅವರಲ್ಲಿ ಭೂಮಿಯು ಇಡೀ ಕುಲದ ಸೊತ್ತು. ಒಬ್ಬನು ತಾನೊಬ್ಬನೇ ಮಾರತಕ್ಕದ್ದಲ್ಲ.

1860ರಲ್ಲಿ ಗವರ್ನರ್ ಗೋರ್ ಬ್ರೌನನು ವೈಟಾರಾದ ಭೂಮಿಯನ್ನು ತೆ ಟೈರಾ ಎಂಬಾತನಿಂದ ಕೊಂಡನು. ಕುಲದ ನಾಯಕರಾದ ವಿರೆಮು ಕಿಂಗಿಯವರು ಒಪ್ಪಲಿಲ್ಲ. ಆದರೂ ಮೋಜಣಿದಾರರು ಬಂದರು; ಹೆಂಗಸರು ಅವರ ಕೆಲಸಕ್ಕೆ ಅಡ್ಡಬಂದರು. ಅಷ್ಟಕ್ಕೇ ಸರಕಾರವು ಸೈನಿಕ ಶಾಸನವನ್ನು ಸಾರಿತು, ಮಾರ್ಚಿಯಲ್ಲಿ ಯುದ್ಧವು ಮೊದಲಾಯಿತು. 1863ರ ಕಾಯಿದೆಯ ಬಲದಿಂದ, ದಂಗೆಯ ನೆಪದಲ್ಲಿ, 1865ರಲ್ಲಿ ಟರನಾಕಿಯ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲಾಯಿತು. ಹೋರಾಡಿದವನ ಭೂಮಿಯೂ ಸುಮ್ಮನಿದ್ದವನ ಭೂಮಿಯೂ ಒಂದೇ ನಕಾಶೆಯಲ್ಲಿ ಸೇರಿಹೋಯಿತು.

ರಕ್ತಪಾತದಿಂದ ಬೇಸತ್ತ ತೆ ವಿಟಿಯವರು ತಮ್ಮ ಬಂಧು ತೊಹು ಕಾಕಹಿಯವರೊಡನೆ ಸುಮಾರು 1866ರಲ್ಲಿ ಪರಿಹಾಕ ಎಂಬ ಗ್ರಾಮವನ್ನು ಕಟ್ಟಿದರು. ಅಲ್ಲಿ ಆಯುಧಕ್ಕೆ ಎಡೆಯಿರಲಿಲ್ಲ; ಬಿಳಿಯ ಗರಿಯು ಶಾಂತಿಯ ಗುರುತಾಯಿತು. ನೆಲೆ ತಪ್ಪಿದವರು ನಾನಾ ಕಡೆಗಳಿಂದ ಬಂದು ನೆಲಸಿದರು. ಹಿಂದೆ ಸರಕಾರದ ಸೈನ್ಯವನ್ನು ಸೋಲಿಸಿದ್ದ ಸೇನಾನಿ ಟಿಟೊಕೊವಾರು ಸಹ ಕಡೆಗೆ ಇವರ ಮಾರ್ಗವನ್ನೇ ಹಿಡಿದನು.

ಮುಟ್ಟುಗೋಲಾದ ಬಯಲಿನಲ್ಲಿ ಬಹುಕಾಲ ಮಾವೋರಿಗಳೇ ಬೇಸಾಯ ಮಾಡಿಕೊಂಡಿದ್ದರು. 1878ರಲ್ಲಿ ಸರಕಾರವು ವೈಮಾಟೆ ಬಯಲನ್ನು ಅಳೆದು ಬಿಳಿಯ ಒಕ್ಕಲುಗಳಿಗೆ ಮಾರಲು ಹೊರಟಿತು. ಮಾವೋರಿಗಳಿಗೆ ಬಿಡುವೆವೆಂದು ಮಾತುಕೊಟ್ಟಿದ್ದ ಭಾಗಗಳನ್ನು ಮೊದಲು ಗುರುತಿಸದೆ, ಸಾಗುವಳಿಯ ನೆಲದಲ್ಲಿಯೇ ಗೆರೆ ಎಳೆಯಲಾಯಿತು. ಒಮ್ಮೆ ಗೂಟ ಬಿದ್ದಿತೆಂದರೆ ತುಂಡಿಗೆ ನಂಬರು, ನಂಬರಿಗೆ ಮಾರಾಟ, ಕೊಂಡವನಿಗೆ ಹಕ್ಕುಪತ್ರ. ಆಮೇಲೆ ನ್ಯಾಯವನ್ನು ಕೇಳಹೋದರೆ ಕಾಗದವೇ ಎದುರು ನಿಲ್ಲುವುದು. ಇದನ್ನು ಅರಿತ ತೆ ವಿಟಿಯವರು 1879ರ ಮಾರ್ಚಿಯಲ್ಲಿ ತಮ್ಮ ಜನರನ್ನು ಕಳುಹಿಸಿದರು. ಅವರು ಮೋಜಣಿದಾರರ ಡೇರೆ ಸಾಮಾನುಗಳನ್ನು ಗಾಡಿಗೆ ಹೇರಿ, ಒಬ್ಬರಿಗೂ ಪೆಟ್ಟಾಗದಂತೆ ವೈಂಗೊಂಗೊರೊ ನದಿಯ ಆಚೆಗೆ ಬಿಟ್ಟುಬಂದರು.

ಅದೇ ವರ್ಷ ಮೇ 25ರಂದು ನೇಗಿಲುಗಳು ಹೊರಟವು. ಬಿಳಿಯರು ಹಿಡಿದಿದ್ದ ಹುಲ್ಲುಗಾವಲುಗಳಲ್ಲಿ ಮಾವೋರಿಗಳು ಉದ್ದುದ್ದ ಸಾಲು ಹೊಡೆದರು. ಸರಕಾರದ ಗೆರೆಗೆ ಉತ್ತರ ಒಕ್ಕಲಿಗನ ಗೆರೆಯಾಯಿತು. ಹಿಡಿದರೆ ಕೈಯೆತ್ತಬಾರದೆಂಬುದು ಗುರುವಿನ ಆಜ್ಞೆ. ಒಬ್ಬನನ್ನು ಹಿಡಿದರೆ ಮತ್ತೊಬ್ಬನು ಮೇಳಿಯನ್ನು ಹಿಡಿದನು. ಆಗಸ್ಟಿನೊಳಗಾಗಿ ಸುಮಾರು 200 ಮಂದಿ ಸೆರೆಯಾದರು. ಅವರ ವಿಚಾರಣೆಯನ್ನು ಮುಂದೂಡುವುದಕ್ಕೆಂದೇ ಹೊಸ ಕಾಯಿದೆಗಳು ಹುಟ್ಟಿದವು. ದೂರದ ದಕ್ಷಿಣ ದ್ವೀಪದ ಸೆರೆಮನೆಗಳಿಗೆ ಒಯ್ಯಲ್ಪಟ್ಟವರಲ್ಲಿ ಕೆಲವರು ಅಲ್ಲಿಯೇ ಮಡಿದರು. 1880ರಲ್ಲಿ ಪರಿಹಾಕದ ಬೆಳೆಯ ನಡುವೆ ರಸ್ತೆ ಹಾಕಿ ಬೇಲಿ ಕಿತ್ತರು. ಜನರು ಮತ್ತೆ ಬೇಲಿ ಕಟ್ಟಿದರು, ನೂರಾರು ಮಂದಿ ಮತ್ತೆ ಸೆರೆಗೆ ನಡೆದರು.

1881ನೆಯ ನವಂಬರ 5ರಂದು ಸ್ಥಳೀಯರ ಖಾತೆಯ ಮಂತ್ರಿ ಜಾನ್ ಬ್ರೈಸನು ಸುಮಾರು 1,600 ಶಸ್ತ್ರಧಾರಿಗಳೊಡನೆ ಪರಿಹಾಕವನ್ನು ಮುತ್ತಿದನು. ದಾರಿಯಲ್ಲಿ ಎದುರಾದವರು ಹಾಡಿ ಕುಣಿಯುವ ಮಕ್ಕಳು. ಒಳಗೆ, ಬಂದವರಿಗಾಗಿ ಸುಟ್ಟ ರೊಟ್ಟಿ, ಮತ್ತು ಮೌನವಾಗಿ ಕುಳಿತ 2,000ಕ್ಕೂ ಮಿಕ್ಕ ಜನ. ಪತ್ರಿಕೆಯವರಿಗೆ ಪ್ರವೇಶವನ್ನು ನಿಷೇಧಿಸಲಾಗಿದ್ದರೂ ಕೆಲವರು ಅಡಗಿದ್ದು ಎಲ್ಲವನ್ನೂ ಕಂಡರು. ತೆ ವಿಟಿ, ತೊಹು ಇಬ್ಬರೂ ಶಾಂತರಾಗಿ ಸೆರೆಯಾದರು. ಆಮೇಲೆ ಮನೆಗಳನ್ನು ಕೆಡವಿ, ಬೆಳೆಯನ್ನು ಹಾಳುಮಾಡಿ, ಸುಮಾರು 1,600 ಜನರನ್ನು ಹೊರಗಟ್ಟಿದರು. ಸ್ತ್ರೀಯರ ಮೇಲೆ ಅತ್ಯಾಚಾರಗಳೂ ನಡೆದವು. ಆಗ ಗಾಂಧೀಜಿಯವರು 12 ವರ್ಷದ ಬಾಲಕ; ಸತ್ಯಾಗ್ರಹವೆಂಬ ಹೆಸರು ಇನ್ನೂ ಹುಟ್ಟಿರಲಿಲ್ಲ.

ತೀರ್ಪು ತನಗೆ ಒಲಿಯುವುದೆಂಬ ನಂಬಿಕೆ ಸರಕಾರಕ್ಕೇ ಇದ್ದಿಲ್ಲ. ಆದುದರಿಂದ 1882ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಿ, ಇಬ್ಬರನ್ನೂ ವಿಚಾರಣೆಯಿಲ್ಲದೆ ದಕ್ಷಿಣ ದ್ವೀಪದಲ್ಲಿ ಇರಿಸಿ, ಅಲ್ಲಿಯ ಪಟ್ಟಣ ಕಾರಖಾನೆಗಳ ವೈಭವವನ್ನು ತೋರಿಸಿತು. 1883ರಲ್ಲಿ ಮರಳಿದ ತೆ ವಿಟಿಯವರು ಮರುಳಾಗಿರಲಿಲ್ಲ. ಪಾಳುಬಿದ್ದ ಗ್ರಾಮವನ್ನು ಮತ್ತೆ ಕಟ್ಟಿದರು. ಅಲ್ಲಿಗೆ ವಿದ್ಯುದ್ದೀಪವೂ ಬಂದಿತು. 1886ರಲ್ಲಿ ಇನ್ನೊಮ್ಮೆ ಸೆರೆಮನೆಯನ್ನು ಕಂಡರು. 1907ನೆಯ ನವಂಬರ 18ರಂದು ಪರಿಹಾಕದಲ್ಲಿಯೇ ತೀರಿಕೊಂಡರು. ತೊಹು ಅದೇ ವರ್ಷದ ಫೆಬ್ರುವರಿಯಲ್ಲಿ ಮುಂದಾಗಿಯೇ ಹೋಗಿದ್ದರು.

2017ನೆಯ ಜೂನ್ 9ರಂದು ನ್ಯೂಜೀಲೆಂಡಿನ ಸರಕಾರವು ಪರಿಹಾಕಕ್ಕೆ ಬಂದು ಬಹಿರಂಗವಾಗಿ ಕ್ಷಮೆ ಬೇಡಿತು. 2019ರಲ್ಲಿ ಅದನ್ನು ಕಾಯಿದೆಯಲ್ಲಿಯೂ ಬರೆಯಿತು. ತಪ್ಪೊಪ್ಪಿಕೊಳ್ಳುವ ರಾಜ್ಯವು ತಪ್ಪನ್ನು ಮುಚ್ಚಿಡುವ ರಾಜ್ಯಕ್ಕಿಂತ ಮೇಲು, ಸಂದೇಹವಿಲ್ಲ. ಆದರೆ ಮುಟ್ಟುಗೋಲಾದ ಭೂಮಿಯ ಬಹುಭಾಗವು ಹಿಂದಿರುಗಲಿಲ್ಲ. ಮೋಜಣಿದಾರನು ಕೆಲವು ದಿನಗಳಲ್ಲಿ ಬಡಿದ ಗೂಟವನ್ನು ಕೀಳುವುದಕ್ಕೆ 136 ವರ್ಷಗಳ ತರುವಾಯ ಬಂದ ಕ್ಷಮಾಪಣೆಯೂ ಸಾಲದಾಯಿತು. ಭೂಮಿಯ ಲೆಕ್ಕವನ್ನು ಕೈಯಲ್ಲಿ ಹಿಡಿದಿರುವ ಅಧಿಕಾರಿಗಳೆಲ್ಲರೂ ಈ ಜೀವನಚರಿತ್ರೆಯನ್ನು ಒಮ್ಮೆ ನೆನೆಯುವುದು ಒಳಿತು.