ಹಿಪ್ಪರಗಾದ ಹೆಡ್‌ಮಾಸ್ತರರು

ಉದಗೀರ: ಇಲ್ಲಿನ ಕಾಲೇಜುಗಳಲ್ಲಿ ಓದಿದವರ ಪದವಿ ಪ್ರಮಾಣಪತ್ರದ ಮೇಲೆ ಸ್ವಾಮಿ ರಮಾನಂದ ತೀರ್ಥರ ಹೆಸರಿರುತ್ತದೆ. 1994ರಲ್ಲಿ ಸ್ಥಾಪನೆಯಾದ ನಾಂದೇಡ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಆ ಪ್ರಮಾಣಪತ್ರ ಹಿಡಿದು ನಮ್ಮ ಗಡಿಭಾಗದ ಯುವಕರು ಪುಣೆ, ಮುಂಬೈ, ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಊರಲ್ಲೇ ಉಳಿದವರು ತಮ್ಮ ಬದುಕು ಇಷ್ಟೇ ಎಂದು ಕೈಚೆಲ್ಲುವುದೂ ಉಂಟು. ಸ್ವಾಮೀಜಿಯವರು ಮಾತ್ರ ಮಹಾನಗರ ಬಿಟ್ಟು ಈ ಕಡೆಯ ಹಳ್ಳಿಗೆ ಬಂದವರು.

ಅವರು ಕನ್ನಡ ನಾಡಿನ ಮಗ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. 1903ರ ಅಕ್ಟೋಬರ್ 3ರಂದು ಜನಿಸಿದ ಅವರ ಮೂಲ ಹೆಸರು ವ್ಯಂಕಟೇಶ ಭಗವಾನರಾವ ಖೇಡಗೀಕರ. 1920ರಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡಾಗ, ಇನ್ನೂ ಶಾಲೆಯಲ್ಲಿದ್ದ ಈ ಹುಡುಗ ಮದುವೆಯಾಗದೆ ದೇಶಸೇವೆ ಮಾಡುವ ನಿರ್ಧಾರ ಮಾಡಿದರು. ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಓದಿ, ಕಾರ್ಮಿಕ ಮುಖಂಡ ಎನ್.ಎಂ. ಜೋಶಿಯವರ ಬಳಿ ಕೆಲಸಕ್ಕೆ ಸೇರಿದರು. ದೊಡ್ಡವರ ಒಡನಾಟ, ದೊಡ್ಡ ನಗರ, ಮುಂದೆ ಒಳ್ಳೆಯ ಭವಿಷ್ಯವಿತ್ತು. ಅಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು, ಹಾಸಿಗೆ ಹಿಡಿದರು.

ಚೇತರಿಸಿಕೊಂಡ ಮೇಲೆ 1929ರ ಸುಮಾರಿಗೆ ಅವರು ಸೇರಿದ್ದು ಹಿಪ್ಪರಗಾದ ರಾಷ್ಟ್ರೀಯ ಶಾಲೆಯನ್ನು. ಉಮರ್ಗಾಕ್ಕೆ ಹತ್ತಿರದ, ಈಗ ಲೋಹಾರಾ ತಾಲೂಕಿನಲ್ಲಿರುವ ಸಣ್ಣ ಊರದು. ಆಗ ಇದೆಲ್ಲ ನಿಜಾಮರ ರಾಜ್ಯ. ಸಭೆ ನಡೆಸಲೂ ಸರ್ಕಾರದ ಅನುಮತಿ ಬೇಕು, ಸರ್ಕಾರಿ ಶಿಕ್ಷಣವೆಂದರೆ ಉರ್ದು. ಅಂಥಲ್ಲಿ ಹೆಡ್‌ಮಾಸ್ತರಿಕೆ ಏನು ಮಹಾ ಕೆಲಸ ಎಂದು ಯಾರಿಗಾದರೂ ಅನಿಸಬಹುದಿತ್ತು. ಸನ್ಯಾಸ ಪಡೆದು ರಮಾನಂದ ತೀರ್ಥರಾದದ್ದೂ ಇಲ್ಲಿದ್ದಾಗಲೇ. ಕಾವಿ ಉಟ್ಟರೂ ಮಠ ಕಟ್ಟಲಿಲ್ಲ, ಶಾಲೆ ಬಿಡಲಿಲ್ಲ.

1935ರಲ್ಲಿ ಜೊತೆಗಾರ ಶಿಕ್ಷಕರೊಡನೆ ಅಂಬಾಜೋಗಾಯಿಗೆ ಹೋಗಿ ಯೋಗೇಶ್ವರಿ ವಿದ್ಯಾಲಯವನ್ನು ಬೆಳೆಸಿದರು. ಹಿಪ್ಪರಗಾದಿಂದಲೂ ಜೊತೆಗಿದ್ದ ಬಾಬಾಸಾಹೇಬ ಪರಾಂಜಪೆ ಮುಂದೆ ಹೋರಾಟದ ಮುಂಚೂಣಿಯಲ್ಲಿ ನಿಂತರು. ಎಡಪಂಥೀಯ ವಿಚಾರದ ಗೋವಿಂದಭಾಯಿ ಶ್ರಾಫ್ ಅವರಿಗೂ ಸ್ವಾಮೀಜಿ ಜವಾಬ್ದಾರಿ ವಹಿಸಿದರು. ವಿಚಾರ ಬೇರೆ ಎಂದು ದೂರ ಇಡಲಿಲ್ಲ. ಇದು ಎಲ್ಲ ಹಿರಿಯರಿಂದ ಆಗುವ ಕೆಲಸವಲ್ಲ. ಪಿ.ವಿ. ನರಸಿಂಹರಾವ್ ಕೂಡ ಅವರ ಶಿಷ್ಯರೇ. ಆ ಶಿಷ್ಯ 1991ರಲ್ಲಿ ದೇಶದ ಪ್ರಧಾನಿಯಾದರು.

1938ರಲ್ಲಿ ಸ್ವಾಮೀಜಿ ಶಾಲೆ ಬಿಟ್ಟು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಕ್ಕೆ ಇಳಿದು ಸೆರೆಮನೆ ಸೇರಿದರು. 1947ರಲ್ಲಿ ಮತ್ತೆ ಬಂಧನ. ಹೊರಗಿದ್ದ ತರುಣರೇ ಗಡಿ ಶಿಬಿರಗಳಿಂದ ಚಳವಳಿ ನಡೆಸಿದರು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ವಿಮೋಚನೆಯಾದಾಗ ಸ್ವಾಮೀಜಿಯವರ ಬಿಡುಗಡೆಯೂ ಆಯಿತು.

1952ರಲ್ಲಿ ಗುಲ್ಬರ್ಗಾದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆರಿಸಿ ಬಂದರು. ಅಂದರೆ ಕನ್ನಡಿಗರೂ ಮರಾಠಿಗರೂ ಅವರನ್ನು ತಮ್ಮವರೆಂದೇ ತಿಳಿದಿದ್ದರು. ನಡುವೆ 1956ರಲ್ಲಿ ಹೈದರಾಬಾದ್ ರಾಜ್ಯ ಭಾಷಾವಾರು ಹಂಚಿಹೋಯಿತು. ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ಆ ಕಡೆ ಉಳಿಯದೆ ಈ ಕಡೆ ಬಂದವು. ಭಾಷಾವಾರು ವಿಂಗಡಣೆ ಸ್ವಾಮೀಜಿಯವರ ಬೇಡಿಕೆಯೂ ಆಗಿತ್ತು.

1972ರ ಜನವರಿ 22ರಂದು ಅವರು ಹೈದರಾಬಾದಿನಲ್ಲಿ ನಿಧನರಾದರು. ಅಂಬಾಜೋಗಾಯಿಯ ಯೋಗೇಶ್ವರಿ ಸಂಸ್ಥೆ ಇಂದಿಗೂ ನಡೆಯುತ್ತಿದೆ.