ಶಬ್ದದ ಬೆನ್ನು ಹತ್ತಿದ ಕಿಟ್ಟೆಲ್: ಬೈಬಲ್ ಓದುವವರಿಗೊಂದು ಮಾದರಿ

ನಮ್ಮ ಧರ್ಮಕೇಂದ್ರಗಳ ಹೆಚ್ಚಿನ ಮನೆಗಳಲ್ಲಿ ಇಂದು ಬೈಬಲ್ ಇದೆ. ದೇವರ ಪೀಠದ ಮೇಲೆ, ಮೇಣದಬತ್ತಿಯ ಪಕ್ಕದಲ್ಲಿ, ಅದನ್ನು ಗೌರವದಿಂದ ಇಟ್ಟಿದ್ದೇವೆ. ಆದರೆ ಅದನ್ನು ತೆರೆದು, ತಾನೊಬ್ಬನೇ ಕುಳಿತು, ಒಂದು ಅಧ್ಯಾಯವನ್ನು ಅರ್ಥಮಾಡಿಕೊಂಡು ಓದುವವರು ಎಷ್ಟು ಮಂದಿ? ಓದಲು ಮನಸ್ಸಿಲ್ಲವೆಂದಲ್ಲ. ಓದಿದರೆ ತಿಳಿಯುವುದಿಲ್ಲ, ಅದು ಗುರುಗಳ ಕೆಲಸ ಎಂಬ ಅಳುಕು ನಮ್ಮಲ್ಲಿ ಹಲವರಿಗೆ ಇದೆ. ಈ ಅಳುಕು ಹೋಗಲಾಡಿಸಲು ಇಂದು ನಾವು ಒಬ್ಬ ವ್ಯಕ್ತಿಯ ಬಾಳನ್ನು ನೆನೆಯೋಣ. ಅವರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. ಕನ್ನಡ-ಇಂಗ್ಲಿಷ್ ನಿಘಂಟಿನಿಂದ ನಾಡಿಗೆಲ್ಲ ಪರಿಚಿತರಾದ ಇವರು ನಮ್ಮ ಕಥೋಲಿಕ ಶ್ರೀಸಭೆಗೆ ಸೇರಿದವರಲ್ಲ, ಪ್ರೊಟೆಸ್ಟೆಂಟ್ ಮಿಷನರಿ. ಆದರೂ ದೇವರ ವಾಕ್ಯವನ್ನು ಕನ್ನಡದಲ್ಲಿ ಓದುವ ಪ್ರತಿಯೊಬ್ಬರಿಗೂ ಅವರಿಂದ ಕಲಿಯುವುದಿದೆ.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿಯ ಪಾಸ್ಟರ್. ಬಾಲ್ಯದಿಂದಲೇ ಭಾಷೆಗಳಲ್ಲಿ ಅವರಿಗೆ ಬಹಳ ಆಸಕ್ತಿ. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಇವನ್ನೆಲ್ಲ ಯೌವನದಲ್ಲೇ ಕಲಿತರು. 1850ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ ಸೆಮಿನರಿ ಸೇರಿ, 1853ರಲ್ಲಿ ಮಂಗಳೂರಿಗೆ ಬಂದಿಳಿದರು. ಆಗ ಅವರಿಗೆ ಇನ್ನೂ ಇಪ್ಪತ್ತೊಂದು ವರ್ಷ.

ಅವರು ಬರುವ ಮೊದಲೇ ಕನ್ನಡದಲ್ಲಿ ಬೈಬಲ್ ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೈಹಾಕಿದ್ದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದೇ ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಯಲ್ಲೂ ಕೆಲಸ ಆರಂಭಿಸಿತ್ತು. ಇತ್ತ ಬಾಸೆಲ್ ಮಿಷನ್ನಿನವರು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆಸಿ, ಹ್ಯಾಂಡ್ಸರ ಅನುವಾದವನ್ನು ತಿದ್ದುವ ಕೆಲಸಕ್ಕೆ ತೊಡಗಿದ್ದರು. ಈ ಕೆಲಸದಲ್ಲಿ ಮುಂದಿದ್ದವರು ಗಾಟ್‌ಫ್ರೀಡ್ ವೈಗಲ್. ಪುಸ್ತಕ ಇತ್ತು, ಅಚ್ಚಿನ ಮೊಳೆ ಇತ್ತು. ಆದರೆ ಅದರ ಮಾತು ಓದುವವರ ಎದೆಗೆ ಹೋಗುತ್ತಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಈ ಪ್ರಶ್ನೆಯನ್ನು ಕಿಟ್ಟೆಲ್ ತಮ್ಮ ಬಾಳಿನ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಜನರ ನಡುವೆ ಜನರಂತೆ ಇರಬೇಕು ಎಂಬುದು ಅವರ ಆಸೆ. ಹಳ್ಳಿಗಳನ್ನು ನಡೆದೇ ಸುತ್ತಿದರು. ಅವರ ಈ ರೀತಿ ಜೊತೆಯ ಮಿಷನರಿಗಳಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಆದರೆ ಧಾರವಾಡ, ಹುಬ್ಬಳ್ಳಿ ಕಡೆಯ ಮಾತು, ಗಾದೆ, ಹಾಡುಗಳು ಅವರ ಕಿವಿಗೆ ಬಿದ್ದದ್ದು ಇಂತಹ ಬಾಳಿನಿಂದಲೇ. ಬಳಿಕ ಅವರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಮುದ್ರಣಾಲಯದ ಪುಸ್ತಕಗಳ ಕೆಲಸದಲ್ಲಿ ತೊಡಗಿದರು. ಕೊಡಗಿನ ಮಡಿಕೇರಿಯಲ್ಲೂ ಕೆಲವು ಕಾಲ ಇದ್ದರು.

1862ರಲ್ಲಿ ಅವರು ಕಥಾಮಾಲೆ ಎಂಬ ಪುಸ್ತಕ ಹೊರತಂದರು. ಯೇಸುಸ್ವಾಮಿಯ ಜೀವನವನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ, ಹಾಡಲು ಬರುವಂತೆ ಕಟ್ಟಿದ ಕೃತಿ ಅದು. ಇದು ಸಣ್ಣ ಸಂಗತಿಯೆಂದು ನಾವು ಭಾವಿಸಬಾರದು. ಆ ಕಾಲದಲ್ಲಿ ಹಳ್ಳಿಯಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಓದಲು ಬಾರದವನು ಕೇಳಿ ಬಾಯಿಪಾಠ ಮಾಡಬಹುದು, ಹೊಲದಲ್ಲಿ ಕೆಲಸ ಮಾಡುತ್ತಾ ನೆನೆಯಬಹುದು. ಶುಭಸಂದೇಶ ಪಂಡಿತರ ಮನೆಯಲ್ಲೇ ಉಳಿಯದೆ ಸಾಮಾನ್ಯನ ನಾಲಿಗೆಗೆ ಬರಬೇಕು ಎಂಬ ತುಡಿತ ಆ ಪುಸ್ತಕದ ಹಿಂದಿತ್ತು.

ಕಿಟ್ಟೆಲ್ ಅವರ ಮನೆಯ ಬಾಳು ಸುಖದ್ದಾಗಿರಲಿಲ್ಲ. 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ಆಕೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯವರನ್ನು ವಿವಾಹವಾದರು. ಇಂತಹ ದುಃಖದ ನಡುವೆಯೂ ಓದು ನಿಲ್ಲಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣ ಎಂಬ ಹಳೆಗನ್ನಡ ವ್ಯಾಕರಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚುಹಾಕಿಸಿದರು. ಕ್ರಿಸ್ತನನ್ನು ಸಾರಲು ಬಂದ ವ್ಯಕ್ತಿ ಜೈನ ಕವಿಗಳ ಗ್ರಂಥಗಳನ್ನು ಏಕೆ ಓದುತ್ತಾನೆ ಎಂದು ಕೇಳಿದವರಿರಬಹುದು. ಒಂದು ಶಬ್ದವನ್ನು ಬಳಸುವ ಮೊದಲು ಅದು ಎಲ್ಲಿಂದ ಬಂತು, ಯಾರ ಬಾಯಲ್ಲಿ ಹೇಗೆ ಬೆಳೆಯಿತು ಎಂದು ತಿಳಿಯದಿದ್ದರೆ ಅದರಿಂದ ದೇವರ ಮಾತನ್ನು ಸರಿಯಾಗಿ ಹೇಳಲಾಗುವುದಿಲ್ಲ. ಅವರ ಕೃತಿಗಳೇ ಆ ಪ್ರಶ್ನೆಗೆ ಉತ್ತರ.

ಇದೇ ಹಾದಿಯಲ್ಲಿ ಅವರ ದೊಡ್ಡ ಕೆಲಸವಾದ ನಿಘಂಟು ಬೆಳೆಯಿತು. 1877ರಲ್ಲಿ ಜರ್ಮನಿಗೆ ಮರಳಿದ್ದ ಅವರು, ಸಂಗ್ರಹಿಸಿದ ಶಬ್ದಗಳನ್ನು ಇಲ್ಲಿಯ ಜನರ ನಡುವೆಯೇ ಮತ್ತೆ ಪರಿಶೀಲಿಸಲೆಂದು 1883ರಲ್ಲಿ ಪುನಃ ಭಾರತಕ್ಕೆ ಬಂದು 1892ರವರೆಗೆ ಇದ್ದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಪ್ರಕಟವಾಯಿತು. ಸುಮಾರು 70,000 ಶಬ್ದಗಳು, 1,700ಕ್ಕೂ ಮೀರಿದ ಪುಟಗಳು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿ ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ ಪಟ್ಟಣದಲ್ಲಿ ಅವರು ದೇವರ ಪಾದ ಸೇರಿದರು.

ನಿಘಂಟಿನಲ್ಲಿರುವ ಒಂದು ಚಿಕ್ಕ ಗುರುತಿನ ಕಡೆಗೆ ನಾವು ಓದುಗರ ಗಮನ ಸೆಳೆಯಲು ಬಯಸುತ್ತೇವೆ. ಹಳೆಯ ಕಾವ್ಯಗಳ ಶಬ್ದಗಳನ್ನು ಮಾತ್ರ ಸೇರಿಸಿ ಕಿಟ್ಟೆಲ್ ಸುಮ್ಮನಾಗಲಿಲ್ಲ. ಜನರ ಬಾಯಲ್ಲಿದ್ದ ಮಾತುಗಳನ್ನೂ ಸೇರಿಸಿ, ಅದು ಯಾವ ಸೀಮೆಯದ್ದೆಂದು ಪಕ್ಕದಲ್ಲಿ ಗುರುತು ಹಾಕಿದರು. ಮೈಸೂರಿನ ಮಾತಿಗೆ ಒಂದು ಗುರುತು, ಅಂದು ದಕ್ಷಿಣ ಮರಾಠ ಸೀಮೆ ಎನಿಸಿದ್ದ ಬೆಳಗಾವಿ, ಧಾರವಾಡ, ವಿಜಾಪುರ ಕಡೆಯ ಮಾತಿಗೆ ಇನ್ನೊಂದು. ಗೋಕಾಕ, ಹುಕ್ಕೇರಿಗಳೂ, ಹಿಂದೆ ಗೋಕಾಕಕ್ಕೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಮೂಡಲಗಿಯೂ ಆ ಸೀಮೆಯವೇ. ಘಟಪ್ರಭೆಯ ದಂಡೆಯ ರೈತನ ಮಾತಿಗೂ ಪಂಪನ ಮಾತಿಗೂ ಒಂದೇ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಇದು ನಮಗೇಕೆ ಮುಖ್ಯ? ನಮ್ಮ ಕರಾವಳಿಯಿಂದ ಗುರುಗಳು, ಧರ್ಮಭಗಿನಿಯರು, ಉಪದೇಶಿಗಳು ಸೇವೆಗೆಂದು ಉತ್ತರ ಕರ್ನಾಟಕಕ್ಕೆ ಹೋಗುತ್ತಾರೆ. ಕೊಂಕಣಿ ಅಥವಾ ತುಳು ಮನೆಮಾತಾದ ನಾವು ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡವನ್ನು ಅಲ್ಲಿಗೆ ಒಯ್ಯುತ್ತೇವೆ. ಬೈಬಲ್ ಒಂದೇ, ಆದರೆ ಕೇಳುವ ಕಿವಿ ಬೇರೆ. ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ತಮ್ಮನ್ನು ರೊಟ್ಟಿಗೆ ಹೋಲಿಸುತ್ತಾರೆ. ನಮ್ಮ ಕಡೆ ರೊಟ್ಟಿ ಎಂದರೆ ಅಕ್ಕಿಯದ್ದು, ಹಬ್ಬದ ದಿನ ಕೋಳಿ ಸಾರಿನ ಜೊತೆ ನೆನಪಿಗೆ ಬರುವಂಥದ್ದು. ನಮ್ಮ ದಿನದ ಊಟ ಗಂಜಿ, ಅನ್ನ. ಹುಕ್ಕೇರಿಯ ಮನೆಯಲ್ಲಿ ರೊಟ್ಟಿ ಎಂದರೆ ಜೋಳದ್ದು, ಅದಿಲ್ಲದಿದ್ದರೆ ಊಟವೇ ಇಲ್ಲ. ಆ ಅಧ್ಯಾಯವನ್ನು ಅಲ್ಲಿಯ ತಾಯಿಯೊಬ್ಬಳು ನಮಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾಳೆ.

ಇನ್ನೊಂದು ಕಡೆ ನೋಡೋಣ. ಸಂತ ಮತ್ತಾಯರ ಹದಿಮೂರನೆಯ ಅಧ್ಯಾಯದ ಬಿತ್ತುವವನ ಸಾಮತಿಯಲ್ಲಿ ಬೀಜ ದಾರಿಯ ಮೇಲೂ ಕಲ್ಲಿನ ಮೇಲೂ ಬೀಳುತ್ತದೆ. ಸಸಿಮಡಿಗೆ ಕೈಯಿಂದ ಭತ್ತ ಎರಚುವ ಕರಾವಳಿಯ ರೈತನಿಗೆ ಇದು ಸಹಜ. ಆದರೆ ಗೋಕಾಕ, ಮೂಡಲಗಿ ಕಡೆಯ ರೈತನಿಗೆ ಕೂರಿಗೆಯಿಂದ ಸಾಲಿಗೆ ಸರಿಯಾಗಿ ಬಿತ್ತಿ ರೂಢಿ. ಬೀಜವನ್ನು ದಾರಿಗೆ ಚೆಲ್ಲುವ ಇವನೆಂಥ ಒಕ್ಕಲಿಗ ಎಂದು ಅವನು ಕೇಳಬಹುದು. ಕೇಳಿದರೆ ಒಳ್ಳೆಯದೇ. ಯೋಗ್ಯ ನೆಲವನ್ನು ಮಾತ್ರ ಆರಿಸದೆ ಎಲ್ಲೆಡೆಗೂ ಧಾರಾಳವಾಗಿ ಬೀಜ ಎರಚುವ ದೇವರನ್ನು ಅವನು ಆ ಪ್ರಶ್ನೆಯಿಂದಲೇ ಕಾಣುತ್ತಾನೆ. ಹೀಗೆ ಪ್ರತಿ ಊರಿನ ಮಾತು, ಪ್ರತಿ ಮನೆಯ ಅನುಭವ ಬೈಬಲಿಗೆ ಒಂದೊಂದು ಬಾಗಿಲು. ಸಾಮಾನ್ಯ ವಿಶ್ವಾಸಿಗೆ ಬೈಬಲ್ ತಿಳಿಯದು ಎನ್ನುವುದು ಸರಿಯಲ್ಲ. ಅವನ ಬಳಿಯಿರುವ ಬಾಗಿಲನ್ನು ನಾವು ಅವನಿಗೆ ತೋರಿಸಿಲ್ಲ, ಅಷ್ಟೇ.

ನಮ್ಮ ಶ್ರೀಸಭೆಯ ಬೋಧನೆಯೂ ಇದೇ ದಾರಿಯಲ್ಲಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ಕುರಿತ ಸಂವಿಧಾನದಲ್ಲಿ, ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆ ಸುಲಭವಾಗಿ ಸಿಗಬೇಕೆಂದೂ, ಎಲ್ಲರೂ ಅದನ್ನು ಮೇಲಿಂದ ಮೇಲೆ ಓದಿ ಪ್ರಾರ್ಥಿಸಬೇಕೆಂದೂ ಹೇಳಿದೆ. ಅನುವಾದದಲ್ಲಿ ಬೇರೆ ಸಭೆಗಳ ಸಹೋದರರೊಂದಿಗೆ ಕೂಡಿ ದುಡಿಯುವುದಕ್ಕೂ ಅದು ಅವಕಾಶ ಕೊಟ್ಟಿದೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ವರ್ಷಕ್ಕೊಂದು ಭಾನುವಾರ ಸಾಲದು, ದಿನಕ್ಕೆ ಕಾಲು ಗಂಟೆಯಾದರೂ ಬೇಕು.

ಹೇಗೆ ಓದುವುದು? ಕಿಟ್ಟೆಲ್ ಅವರ ರೀತಿಯನ್ನೇ ಚಿಕ್ಕದಾಗಿ ಅನುಸರಿಸಬಹುದು. ಪವಿತ್ರಾತ್ಮರನ್ನು ನೆನೆದು ಶುಭಸಂದೇಶದ ಹತ್ತು ವಚನಗಳನ್ನು ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ತಿಳಿಯದ ಒಂದು ಶಬ್ದಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅದನ್ನು ನಿಮ್ಮ ಮನೆಮಾತಿನಲ್ಲಿ ಏನೆನ್ನುತ್ತಾರೆ ಎಂದು ಹಿರಿಯರನ್ನು ಕೇಳಿ ಅಂಚಿನಲ್ಲಿ ಬರೆದಿಡಿ. ಬೈಬಲಿನಲ್ಲಿ ಆ ಶಬ್ದ ಬೇರೆಲ್ಲಿ ಬರುತ್ತದೆಂದು ಅಡಿಟಿಪ್ಪಣಿ ನೋಡಿ ಹುಡುಕಿ. ಕೊನೆಗೆ ಆ ಮಾತು ಇಂದು ನನಗೆ ಏನು ಮಾಡಲು ಹೇಳುತ್ತಿದೆ ಎಂದು ಪ್ರಭುವನ್ನೇ ಕೇಳಿ. ಸಂದೇಹ ಉಳಿದರೆ ಕಿರುಸಮುದಾಯದ ಕೂಟದಲ್ಲಿ ಅಥವಾ ವಿಚಾರಣಾ ಗುರುಗಳ ಬಳಿ ಕೇಳಲು ಸಂಕೋಚ ಬೇಡ. ಒಬ್ಬನೇ ಓದುವುದು ಎಂದರೆ ಶ್ರೀಸಭೆಯಿಂದ ದೂರವಾಗಿ ಓದುವುದು ಎಂದಲ್ಲ. ಹಾಗೆಯೇ, ಅನ್ಯ ಊರಿನಲ್ಲಿ ಸೇವೆ ಮಾಡುವವರು ಕಲಿಸುವ ಮೊದಲು ಅಲ್ಲಿಯ ಮಾತು ಕೇಳುವುದಕ್ಕೆ ಸಮಯ ಕೊಡಲಿ.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟ್ಟೆಲ್ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಇವೆಲ್ಲ ಅವರಿಗೆ ನಾಡು ಸಲ್ಲಿಸಿದ ಗೌರವ. ಬೈಬಲ್ ಓದುವ ನಾವು ಸಲ್ಲಿಸಬಹುದಾದ ಗೌರವ ಬೇರೆಯದು. ಹೊರದೇಶದವರೊಬ್ಬರು ನಮ್ಮ ಒಂದೊಂದು ಶಬ್ದಕ್ಕೂ ಅಷ್ಟು ವರ್ಷ ದುಡಿದರು. ಅದೇ ಶಬ್ದಗಳಲ್ಲಿ ದೇವರು ನಮ್ಮೊಡನೆ ಮಾತನಾಡಲು ಕಾದಿದ್ದಾರೆ. ಪೀಠದ ಮೇಲಿನ ಬೈಬಲನ್ನು ಇಂದು ರಾತ್ರಿ ಜಪಸರದ ಪ್ರಾರ್ಥನೆಯ ಬಳಿಕ ಕೈಗೆತ್ತಿಕೊಳ್ಳೋಣ.